ಕೂತದ್ದೆಲ್ಲ ವಿಶ್ರಾಂತಿ

“ಮಹಾಪ್ರಭು, ನಮ್ಮ ಸಾರಥಿಗಳಷ್ಟು ಆರಾಮಾಗಿರುವವರು ಈ ಭೂಮಂಡಲದಲ್ಲೇ ಇಲ್ಲ,” ಎಂದರು ದಿವಾನ್ ಅಪ್ರಮೇಯಯ್ಯ. “ಬೇರೆಯವರು ಕೆಲಸ ಮುಗಿಸಿ ಕೂರುತ್ತಾರೆ. ಇವರು ಕೆಲಸವನ್ನೇ ಕೂತು ಮಾಡುತ್ತಾರೆ. ಅದರ ಮೇಲೆ ನಿದ್ದೆ ಬೇರೆ ಬೇಕಂತೆ!”

ಮುಗಿಲೂರಿನ ಅರಸ ಮಾಚರಸ ನಕ್ಕ. ಅರಸ ನಕ್ಕನಲ್ಲ ಎಂದು ಆಸ್ಥಾನವೂ ನಕ್ಕಿತು. ನಗದೆ ಉಳಿದವರು ಇಬ್ಬರೇ: ಕಣ್ಣು ಕೆಂಡವಾಗಿದ್ದ ಸಾರಥಿ ಗಾದಿಲಿಂಗ, ಮತ್ತು ಕಂಬದ ಮರೆಯಲ್ಲಿ ನಿಂತಿದ್ದ ಹೊನ್ನಾಜಿ.

ಹೊನ್ನಾಜಿ ಆಸ್ಥಾನದ ಜಾಣೆ. ಅರಸನಿಗೆ ಬೇಸರವಾದಾಗ ಒಗಟು ಹಾಕುವುದು ಅವಳ ಕೆಲಸ. ಉಳಿದ ಹೊತ್ತು ಅವಳಿಗೆ ಬಾಯಿ ಇದೆ ಎಂಬುದನ್ನೇ ಎಲ್ಲರೂ ಮರೆತಿರುತ್ತಿದ್ದರು. ಕಿವಿ ಇದೆ ಎಂಬುದನ್ನೂ.

ಮುಗಿಲೂರಿನ ಹೆಮ್ಮೆಯೆಂದರೆ ಹಾರುರಥಗಳು. ಅವನ್ನು ಎಳೆಯುತ್ತಿದ್ದದ್ದು ರಣಹದ್ದುಗಳು. ಸಾರಥಿ ಲಗಾಮು ಬಿಗಿಹಿಡಿದಿರುವಷ್ಟು ಹೊತ್ತು ಅವು ಬಹಳ ಸಾಧು. ಸಡಿಲವಾಯಿತೋ, ಸತ್ತ ದನ ಎಸೆಯುವ ಹಳ್ಳಕ್ಕೆ ನೇರ ಪ್ರಯಾಣ. ಹಗಲೂ ರಾತ್ರಿ ರಥ ಓಡಿಸಿ ಸುಸ್ತಾಗಿದ್ದ ಗಾದಿಲಿಂಗ ಮೊನ್ನೆ ಒಂದು ಗಳಿಗೆ ತೂಕಡಿಸಿದ್ದ. ಮದುವೆ ದಿಬ್ಬಣ ಛತ್ರಕ್ಕೆ ಹೋಗುವ ಬದಲು ಹಳ್ಳದಲ್ಲಿ ಇಳಿದಿತ್ತು. ಮದುಮಗಳು ಇನ್ನೂ ಸೀರೆ ಒಗೆಯುತ್ತಿದ್ದಾಳೆಂದು ಸುದ್ದಿ.

ಅಂದಿನಿಂದ ಸಾರಥಿಗಳ ಸಂಘದ್ದು ಒಂದೇ ಬೇಡಿಕೆ. ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿಯ ನಿದ್ದೆ.

ದಿವಾನರು ಮಾತುಕತೆಗೆ ಕರೆದರು. ಮತ್ತೆ ಕರೆದರು. ಮತ್ತೂ ಕರೆದರು. ಪ್ರತಿಸಲವೂ ಹೊರಗೆ ಬಂದು, “ಮಾತುಕತೆ ಫಲಪ್ರದವಾಗಿದೆ,” ಎನ್ನುತ್ತಿದ್ದರು. ಸುಳ್ಳೇನಲ್ಲ. ತಟ್ಟೆಯಲ್ಲಿಟ್ಟಿದ್ದ ಬಾಳೆಹಣ್ಣೆಲ್ಲ ಅಷ್ಟರಲ್ಲಿ ಅವರ ಹೊಟ್ಟೆ ಸೇರಿರುತ್ತಿತ್ತು.

“ಸಾಕಪ್ಪಾ ಸಾಕು,” ಎಂದ ಅರಸ. “ನಾಳೆ ನಾನು ಬೆಟ್ಟದ ಅರಮನೆಗೆ ಹೊರಡಬೇಕು. ಹೊನ್ನಾಜಿ, ಅಷ್ಟರೊಳಗೆ ಈ ಜಗಳ ಮುಗಿಸು. ದಿವಾನರ ಮಾತು ಮೀರಕೂಡದು, ರಥ ನಿಲ್ಲಕೂಡದು, ಸಾರಥಿಗಳು ಗೊಣಗಕೂಡದು.”

“ಗೊಣಗಿದರೆ, ಪ್ರಭು?”

ಉತ್ತರ ದಿವಾನರಿಂದ ಬಂತು. “ಗಡಿಪಾರು. ಮೊದಲು ಈ ಗಾದಿಲಿಂಗ, ಹೆಂಡತಿ ಮಕ್ಕಳ ಸಮೇತ.”

ಹೊನ್ನಾಜಿ ಸೆರಗು ಸರಿಮಾಡಿಕೊಂಡಳು. “ದಿವಾನರ ಮಾತು ಯಾಕೆ ಮೀರಬೇಕು? ಅದನ್ನೇ ಡಂಗುರ ಸಾರಿಸಿಬಿಡೋಣ. ‘ಕೂತದ್ದೆಲ್ಲ ವಿಶ್ರಾಂತಿ.’ ಸರಿಯಾ ದಿವಾನರೇ?”

“ನೋಡಿ, ಹೆಣ್ಣುಮಗಳಾದರೂ ಎಷ್ಟು ಬೇಗ ಅರ್ಥಮಾಡಿಕೊಂಡಳು!”

ಹೊನ್ನಾಜಿ ತಲೆ ತಗ್ಗಿಸಿದಳು. ಇಂಥ ದೊಡ್ಡ ಮೆಚ್ಚುಗೆಯನ್ನು ತಲೆ ಎತ್ತಿಕೊಂಡು ಸಹಿಸುವುದು ಕಷ್ಟ.

ಸಂಜೆಯೊಳಗೆ ಊರೆಲ್ಲ ಡಂಗುರ ಸಾರಿಯಾಯಿತು. ಗಾದಿಲಿಂಗ ಲಾಯದ ಬಾಗಿಲಲ್ಲಿ ಅವಳನ್ನು ಅಡ್ಡಗಟ್ಟಿದ.

“ಅಕ್ಕಾ, ನೀನೂ ಅವರ ಕಡೆಯವಳಾ?”

“ಕೋಪ ಆಮೇಲೆ ಮಾಡಿಕೊಳ್ಳೋ. ಅರಸರ ಅಜ್ಜ ಮಾಡಿದ ಕಟ್ಟಳೆ ನೆನಪಿದೆಯಾ?”

ಯಾರಿಗೆ ನೆನಪಿಲ್ಲ? ಆ ಮಹಾನುಭಾವರಿಗೆ ಊಟವಾದ ಮೇಲೆ ಕಣ್ಣುಮುಚ್ಚಿ, ಗೊರಕೆ ಹೊಡೆಯುತ್ತ, ರಾಜ್ಯದ ಹಿತ ಚಿಂತಿಸುವ ಅಭ್ಯಾಸವಿತ್ತು. ವಿಶ್ರಾಂತಿಯಲ್ಲಿರುವವರನ್ನು ಯಾರೂ ಕರೆಯಬಾರದು, ಮುಟ್ಟಬಾರದು. ಹಾಗೆ ಮಾಡಿದವರು ಯಾರೇ ಆಗಲಿ, ಅರಸನೇ ಆಗಲಿ, ಪದವಿ ಬಿಡಬೇಕು ಎಂದು ಸಾರಿಸಿದ್ದರು.

“ನಾಳೆ ರಥದಲ್ಲಿ ನಾನೂ ಇರ್ತೀನಿ,” ಎಂದಳು ಹೊನ್ನಾಜಿ. “ನಿದ್ದೆ ಬಂದರೆ ತಡೀಬೇಡ. ಒಂದು ಕಿವಿ ಮಾತ್ರ ಎಚ್ಚರವಾಗಿರಲಿ.”

ಮರುದಿನ ರಥ ಮೋಡ ದಾಟಿತು. ಅರಸ ಎಳನೀರು ಕುಡಿಯುತ್ತಿದ್ದ. ದಿವಾನರು ಸಂಘವನ್ನು ಬಗ್ಗಿಸಿದ ಬಗೆಯನ್ನು ವರ್ಣಿಸುತ್ತಿದ್ದರು. ಗಾದಿಲಿಂಗ ಒಮ್ಮೆ ಆಕಳಿಸಿ, ಲಗಾಮನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದ.

ಹದ್ದುಗಳು ಪರಮ ಸಂತೋಷದಿಂದ ಹಳ್ಳದ ಕಡೆ ತಿರುಗಿದವು.

“ಏಯ್…” ಎಂದು ಅರಸ ಬಾಯಿ ತೆರೆದ.

“ಪ್ರಭು, ಸದ್ದು! ಅವನು ಕೂತಿದ್ದಾನೆ, ಅಂದರೆ ವಿಶ್ರಾಂತಿಯಲ್ಲಿದ್ದಾನೆ. ಕರೆದರೆ ಸಿಂಹಾಸನ ಹೋಗುತ್ತೆ.”

ಅರಸ ಬಾಯಿ ಮುಚ್ಚಿದ. ಲಗಾಮಿಗೆ ಕೈ ಚಾಚಿದ ದಿವಾನರನ್ನು ಒಂದು ಹದ್ದು ಕತ್ತು ತಿರುಗಿಸಿ ನೋಡಿತು. ಅವರು ಕೈ ಹಿಂದಕ್ಕೆಳೆದುಕೊಂಡರು. ಕೆಮ್ಮಿದರು. ಆಮೇಲೆ ಮೋಡಗಳಿಗೆ ಹೇಳುವಂತೆ, “ಯಾರಾದರೂ ಲಗಾಮು ಹಿಡಿದರೆ ಚೆನ್ನಾಗಿತ್ತು,” ಎಂದರು. ಮೋಡಗಳು ಹಿಡಿಯಲಿಲ್ಲ.

ಗಬ್ಬು ವಾಸನೆ ಮೂಗಿಗೆ ಬಡಿಯಿತು.

“ಪಾಪ, ಅವನು ಕೆಲಸದಲ್ಲಿದ್ದಿದ್ದರೆ ಕೂಗಬಹುದಿತ್ತು,” ಎಂದಳು ಹೊನ್ನಾಜಿ, ಮೂಗಿಗೆ ಸೆರಗು ಹಿಡಿದು.

“ಕೆಲಸದಲ್ಲೇ ಇದ್ದಾನೆ!” ಎಂದರು ದಿವಾನರು.

“ಎಲ್ಲಿ? ಕೂತಿದ್ದಾನಲ್ಲ?”

“ಕೂತರೇನಂತೆ! ಕೂತದ್ದೂ ಕೆಲಸವೇ ಮಹಾತಾಯಿ!”

“ಹಾಗಾದರೆ ವಿಶ್ರಾಂತಿ?”

“ಮನೆಯಲ್ಲಿ! ಹಾಸಿಗೆಯಲ್ಲಿ! ರಾತ್ರಿಯಿಡೀ! ನನ್ನಾಣೆ, ಮಲಗಲಿ! ಲೋ ಗಾದಿಲಿಂಗ!”

ಗಾದಿಲಿಂಗ ಕಣ್ಣು ಬಿಟ್ಟ. “ಕರೆದಿರಾ ಬುದ್ಧಿ?”

ಲಗಾಮು ಬಿಗಿಯಿತು. ಹದ್ದುಗಳು ಮುನಿಸಿಕೊಂಡು ಮೇಲಕ್ಕೆದ್ದವು.

ಬೆಟ್ಟದ ಅರಮನೆಯಲ್ಲಿ ಇಳಿದ ಕೂಡಲೇ ಅರಸ ಹೊಸ ಡಂಗುರಕ್ಕೆ ಅಪ್ಪಣೆ ಕೊಟ್ಟ: ಸಾರಥಿಗಳಿಗೆ ಎರಡು ಹಾರಾಟಗಳ ನಡುವೆ ಒಂದು ರಾತ್ರಿ ನಿದ್ದೆ, ಗಡಿಪಾರಿನ ಮಾತು ರದ್ದು. ಆಮೇಲೆ ದಿವಾನರ ಕಡೆ ಕಣ್ಣು ಕೆಂಪಗೆ ಮಾಡಿದ.

“ಇವರಿಗೇನು ಶಿಕ್ಷೆ, ಹೊನ್ನಾಜಿ?”

“ಶಿಕ್ಷೆಯೇ? ಛೆ, ಬೇಡ ಪ್ರಭು,” ಎಂದಳು ಅವಳು ಮೆಲ್ಲಗೆ. “ಕೂತದ್ದು ಕೆಲಸ ಅನ್ನುವುದಾದರೆ ಇಷ್ಟು ವರ್ಷ ದಿವಾನರಷ್ಟು ದುಡಿದವರು ಯಾರಿದ್ದಾರೆ? ತುಂಬ ದಣಿದಿದ್ದಾರೆ. ಇನ್ನು ಮೇಲಾದರೂ ಸ್ವಲ್ಪ ನಿಂತು ಸುಧಾರಿಸಿಕೊಳ್ಳಲಿ.”

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಘದೊಂದಿಗಿನ ಮುಂದಿನ ಮಾತುಕತೆಗೆ ದಿವಾನರಿಗೆ ಪೀಠ ಹಾಕಲಿಲ್ಲ. ಅಂದು ಮಾತುಕತೆ ಬಹಳ ಬೇಗ ಮುಗಿಯಿತು.