ಒರತೆಯ ಬಳಿ ಗೌಡಸಾನಿ

ಹಿರೇಬೇವೂರಿನಿಂದ ಗುಡ್ಡದ ಕಡೆ ನಡೆದರೆ ಕುರಿಹಟ್ಟಿ ಸಿಗುತ್ತಿತ್ತು. ನಾಲ್ಕಾರು ಗುಡಿಸಲು, ಮುಳ್ಳುಬೇಲಿಯ ಕುರಿದೊಡ್ಡಿಗಳು, ಸುತ್ತ ಜೋಳದ ಎರೆಹೊಲ. ಸರಕಾರದ ಲೆಕ್ಕದಲ್ಲಿ ಅದು ಊರೇ ಅಲ್ಲ. ಅಲ್ಲಿಯವರು ಹೋದಲ್ಲೆಲ್ಲ ಹಿರೇಬೇವೂರಿನ ಹೆಸರನ್ನೇ ಹೇಳಿಕೊಳ್ಳಬೇಕಿತ್ತು. ಪೂಜ್ಯ ಶರಣೆ ನಿಜಾಂಬಿಕೆ ತಾಯಿಯವರು ತಮ್ಮ ಕೊನೆಯ ವರ್ಷಗಳಿಗೆ ಆರಿಸಿಕೊಂಡದ್ದು ಈ ಹಟ್ಟಿಯನ್ನು. ದುರಗವ್ವನೆಂಬ ಕುರುಬ ವಿಧವೆಯ ಗುಡಿಸಲ ಮುಂದಿನ ಚಪ್ಪರವೇ ಅವರ ಮಠವಾಯಿತು.

ಇದನ್ನು ಸಹಿಸಲಾರದವಳು ಹಿರೇಬೇವೂರಿನ ಗೌಡಸಾನಿ ಶಂಕರವ್ವ. ತಾಯಿಯವರು ಮೊದಲು ಇದ್ದದ್ದು ಅವಳ ವಾಡೆಯಲ್ಲಿ. ಅವರಿಗೆಂದೇ ಬೇರೆ ಕೋಣೆ, ಬೆಳ್ಳಿಯ ತಟ್ಟೆ ಮಾಡಿಸಿದ್ದಳು. ಅದೆಲ್ಲವನ್ನೂ ಬಿಟ್ಟು ಕುರಿ ಕಾಯುವವಳ ಬಳಿಗೆ ಹೋದರಲ್ಲ ಎಂಬ ಸಂಕಟಕ್ಕೆ ಅವಳಿಗೆ ಊಟ ಸೇರದಾಯಿತು. ದುರಗವ್ವನ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ, ಹಟ್ಟಿಯವರು ನೀರು ಒಯ್ಯುತ್ತಿದ್ದ ತನ್ನ ಹೊಲದ ಬಾವಿಗೆ ಬೇಲಿ ಹಾಕಿಸಿಬಿಟ್ಟಳು. ನೀರು ತಪ್ಪಿದರೆ ತಾಯಿಯವರು ವಾಡೆಗೆ ಮರಳುತ್ತಾರೆಂದು ಅವಳ ಎಣಿಕೆ.

ಅವರು ಬರಲಿಲ್ಲ. ಕಾದು ಸಾಕಾಗಿ ಅವಳೇ ಹಟ್ಟಿಗೆ ಹೋದಳು. ಹೋದಾಗ ತಾಯಿಯವರಿಗೆ ಜ್ವರ. ದುರಗವ್ವ ಪಕ್ಕದಲ್ಲಿ ಕುಳಿತು, "ಇದೊಂದು ತುತ್ತು ಉಣ್ಣವ್ವಾ, ಹಟ ಮಾಡಬ್ಯಾಡ" ಎಂದು ಗದರಿಸುತ್ತ ನುಚ್ಚು ಉಣ್ಣಿಸುತ್ತಿದ್ದಳು. ತಾಯಿಯವರು ಮಗುವಿನಂತೆ ಬಾಯಿ ತೆರೆಯುತ್ತಿದ್ದರು.

ಶಂಕರವ್ವನಿಗೆ ತಡೆದುಕೊಳ್ಳಲಾಗಲಿಲ್ಲ. "ನಮ್ಮ ಮನಿಯಾಗ ಏನು ಕಡಿಮಿ ಮಾಡಿದ್ದೆ, ತಾಯೀ?"

"ಏನೂ ಕಡಿಮಿ ಇರಲಿಲ್ಲ, ಮಗಳೇ. ಅಲ್ಲಿ ನನ್ನನ್ನ ದೇವರು ಮಾಡಿ ಕೂಡಿಸಿದ್ದಿ. ಇಲ್ಲಿ ಮನಷ್ಯಾಳಾಗೇನಿ," ಎಂದರು ತಾಯಿಯವರು. ಕೊಡದ ಕಡೆ ಕೈ ತೋರಿಸಿ, "ಕೊಡ ಬರಿದಾಗೇದ. ನೀರು ತರ್ತೀಯೇನು?" ಎಂದರು.

ಬಾವಿಯ ಮಾತನ್ನು ಅವರು ಎತ್ತಲೇ ಇಲ್ಲ. ಶಂಕರವ್ವ ಕೊಡ ಹೊತ್ತು ದುರಗವ್ವನ ಹಿಂದೆ ಹಳ್ಳಕ್ಕೆ ಇಳಿದಳು. ಮರಳಲ್ಲಿ ತೋಡಿದ ಒರತೆಯ ಸುತ್ತ ಹೆಂಗಸರು ಸರದಿ ಕಾಯುತ್ತಿದ್ದರು. ಗೌಡಸಾನಿಯನ್ನು ಕಂಡು ಸರಿದು ದಾರಿ ಬಿಟ್ಟರು.

"ಮೆಲ್ಲಕ ತುಂಬ್ರಿ, ಗೌಡಸಾನ್ಯಾರ. ರಾಡಿ ಏಳ್ತೈತಿ," ಎಂದಳು ದುರಗವ್ವ.

ತೆಂಗಿನ ಚಿಪ್ಪಿನಿಂದ ಮೊಗೆಯುತ್ತ ಮೊಗೆಯುತ್ತ ಶಂಕರವ್ವನ ಕೈ ನಿಂತಿತು. "ಬಾವಿಗೆ ಬೇಲಿ ಹಾಕಿಸಿದಾಕಿ ನಾನಂತ ತಾಯಿಗೆ ಹೇಳಲಿಲ್ಲೇನು?"

"ಹೇಳಿದ್ವಿರಿ. 'ಆಕಿಗೆ ನನ್ನ ಮ್ಯಾಲ ಭಾಳ ಜೀವ. ಆ ಸಂಕಟಕ್ಕ ಹಿಂಗ ಮಾಡ್ಯಾಳ, ಯಾರೂ ಬೈಬ್ಯಾಡ್ರಿ' ಅಂದ್ರು."

ಶಂಕರವ್ವ ಮರಳಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಕೊಡವನ್ನು ಅವಳ ತಲೆಗೆ ಎತ್ತಿಟ್ಟವಳು ದುರಗವ್ವನೇ. ಅಂದು ಸಂಜೆ ಗೌಡಸಾನಿ ಆಳುಗಳನ್ನು ಕರೆಯದೆ ಬೇಲಿಯ ಮುಳ್ಳನ್ನು ತನ್ನ ಕೈಯಾರೆ ಎಳೆದು ಹಾಕಿದಳು.

ಆದರೆ ಹೊಟ್ಟೆಕಿಚ್ಚು ಅಷ್ಟು ಬೇಗ ಬಿಟ್ಟುಹೋಗುವಂಥದ್ದಲ್ಲ. "ನಿಮ್ಮಿಬ್ಬರನ್ನ ನೋಡಿದ್ರ ಇನ್ನೂ ಎದಿ ಚುರ್ ಅಂತೈತಿ, ತಾಯೀ" ಎಂದು ಒಮ್ಮೆ ಅವಳೇ ಒಪ್ಪಿಕೊಂಡಳು.

ತಾಯಿಯವರು ನಕ್ಕರು. "ಅನ್ಲಿ ಬಿಡು. ನೀ ಬರೂದು ಬಿಡಬ್ಯಾಡ."

ಅವಳು ಬಿಡಲಿಲ್ಲ. ತಾಯಿಯವರು ಲಿಂಗೈಕ್ಯರಾದ ಮೇಲೂ ಶಂಕರವ್ವ ಗುಡ್ಡದ ದಾರಿ ಹಿಡಿದು ಹಟ್ಟಿಗೆ ಹೋಗುತ್ತಲೇ ಇದ್ದಳು. ಆಗ ಅವಳು ಹೋಗುತ್ತಿದ್ದುದು ದುರಗವ್ವನನ್ನು ನೋಡಲು.