ಒಂದು ದಾರ, ಮೂರು ಉತ್ತರ

“ಕೇಳ್ರಪ್ಪೋ ಕೇಳಿ! ಚಂಡವರ್ಮ ಮಹಾಪ್ರಭುಗಳ ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿ ಸುಗುಣಾವತಿಯ ಕೈ ಹಿಡಿಯುವ ಭಾಗ್ಯ! ತಪ್ಪಿದವನಿಗೆ ಶೂಲ! ಅರಮನೆ ಅಂಗಳದಲ್ಲಿ ಬಾಯಿ ಬಿಟ್ಟವನು ಉತ್ತರ ಹೇಳಿಯೇ ತೀರಬೇಕು!”

ಡಂಗುರ ಸಾರಿದ್ದೇ ತಡ, ಊರಿಗೆ ಊರೇ ಅಂಗಳಕ್ಕೆ ನುಗ್ಗಿತು. ನೆಲದ ಮೇಲೊಂದು ದೊಡ್ಡ ವೃತ್ತ. ಅದರೊಳಗೆ ಮೂರೂ ಬದಿ ಸಮನಾದ ರಂಗೋಲಿ ತ್ರಿಕೋನ. ಮೂಲೆಗಳು ವೃತ್ತದ ಅಂಚಿಗೆ ತಾಗಿದ್ದವು. ರಾಜಕುಮಾರಿ ಮುಖ ಬಿಗಿದುಕೊಂಡು ಕೂತಿದ್ದಳು. ರಾಜ ಮೀಸೆ ತಿರುವಿ ಕೇಳಿದ:

“ಅಂಚಿನಿಂದ ಅಂಚಿಗೆ ಮನಸ್ಸಿಗೆ ಬಂದಂತೆ ದಾರ ಎಳೆಯುತ್ತ ಹೋದರೆ, ಎಷ್ಟು ಪಾಲು ದಾರಗಳು ತ್ರಿಕೋನದ ಬದಿಗಿಂತ ಉದ್ದ ಬರುತ್ತವೆ?”

ಹೊನ್ನಕೇರಿಯ ರಾಜಕುಮಾರ ಮುಂದೆ ಬಂದ. “ಮೂರರಲ್ಲಿ ಒಂದು ಪಾಲು! ದಾರದ ಒಂದು ತುದಿಯನ್ನು ಮೂಲೆಗೆ ಕಟ್ಟಿ, ಇನ್ನೊಂದು ತುದಿ ಅಂಚಿನಲ್ಲಿ ಎಲ್ಲಾದರೂ ಬೀಳಲಿ. ಮೂಲೆಗಳು ಅಂಚನ್ನು ಮೂರು ಸಮಪಾಲು ಮಾಡಿವೆ. ಎದುರಿನ ಪಾಲಿಗೆ ಬಿದ್ದದ್ದು ಮಾತ್ರ ಉದ್ದ.”

“ಅಲ್ಲ, ಅರ್ಧ!” ಎಂದ ಸೇನಾಪತಿಯ ಮಗ. “ದಾರವನ್ನು ನಡುವಿನಿಂದ ಅಂಚಿನ ಕಡೆಗೆ ಸರಿಸಿ. ಅರ್ಧ ದಾರಿಯವರೆಗೆ ಉದ್ದ, ಆಮೇಲೆ ಗಿಡ್ಡ.”

ಜೋಯಿಸರ ಶಿಷ್ಯ ನಕ್ಕ. “ಕಾಲು ಪಾಲು! ಕಲ್ಲು ಎಸೆಯಿರಿ. ಬಿದ್ದಲ್ಲೇ ದಾರದ ಮಧ್ಯ ಬರಲಿ. ನಡುವೆ ಅರ್ಧ ಅಗಲದ ಸಣ್ಣ ವೃತ್ತ ಬರೆಯಿರಿ. ಕಲ್ಲು ಅದರೊಳಗೆ ಬಿದ್ದರಷ್ಟೇ ಉದ್ದ. ಆ ಜಾಗ ದೊಡ್ಡದರ ಕಾಲು ಪಾಲು.”

ದಾರ ಎಳೆದೆಳೆದು ನೋಡಿದರು. ಅವರವರು ಹೇಳಿದಂತೆ ಎಳೆದರೆ ಅವರವರದೇ ನಿಜವಾಯಿತು! ರಾಜ ಕೆಂಡವಾದ. “ಸತ್ಯ ಒಂದೇ! ಸುಳ್ಳರು ಯಾರೆಂದು ತಿಳಿಯದಿದ್ದರೆ ಮೂವರೂ ಶೂಲಕ್ಕೆ!”

ಅರಮನೆಯ ಅಡುಗೆಮನೆಗೆ ಜರಡಿ ಕೊಡಲು ಬಂದಿದ್ದ ಕೆಂಚನಿಗೆ ನಾಲಿಗೆ ನಿಲ್ಲಲಿಲ್ಲ. “ಅಲ್ಲ ಬುದ್ದಿ, ದಾರ ಎಳೆಯೋದು ಹೆಂಗೆ ಅಂತ ತಾವು ಹೇಳ್ಲೇ ಇಲ್ವಲ್ಲ?”

ಭಟರು ಗಬಕ್ಕನೆ ಹಿಡಿದರು. ಬಾಯಿ ಬಿಟ್ಟಾಗಿತ್ತಲ್ಲ!

“ಹೇಳು, ಉತ್ತರ ಯಾವುದು?” ರಾಜ ಗುಡುಗಿದ.

“ಮೂರೂ ಸರಿ, ಬುದ್ದಿ.”

“ಒಂದು ಒಗಟಿಗೆ ಮೂರು ಉತ್ತರ ಹೇಗೆ?”

“ಒಗಟೇ ಮೂರು. ಒಬ್ರು ಮೂಲೆಗೆ ಕಟ್ಟಿದ್ರು, ಒಬ್ರು ಸರಿಸಿದ್ರು, ಒಬ್ರು ಕಲ್ಲು ಎಸೆದ್ರು. ಮನಸ್ಸಿಗೆ ಬಂದಂಗೆ ಅಂದ್ರಿ, ಒಬ್ಬೊಬ್ರ ಮನಸ್ಸಿಗೆ ಒಂದೊಂದು ಬಂತು. ಎಳೆಯೋ ರೀತಿ ಮೊದ್ಲೇ ಹೇಳಿದ್ರೆ ಉತ್ತರ ಒಂದೇ ಆಗ್ತಿತ್ತು.”

“ತಪ್ಪಿದವನಿಗೆ ಶೂಲ ಎಂದು ಸಾರಿಸಿದ್ದೇನೆ. ಯಾರನ್ನು ಏರಿಸಲಿ?”

“ಉತ್ತರ ಹೇಳ್ದೋರು ತಪ್ಪಿಲ್ಲ ಬುದ್ದಿ. ಅರ್ಧ ಪ್ರಶ್ನೆ ಕೇಳ್ದೋರು...” ಕೆಂಚ ಅಲ್ಲಿಗೇ ನಿಲ್ಲಿಸಿದ.

ಇಡೀ ಅಂಗಳ ರಾಜನ ಕಡೆ ತಿರುಗಿತು. ರಾಜನ ಮೀಸೆ ಇಳಿಯಿತು. “ಶೂಲ ಕೀಳಿರಿ! ಈಗಿಂದೀಗಲೇ ಕೀಳಿರಿ!” ಎಂದು ಕೂಗಿದ. ಜನ ಹೋ ಎಂದು ಕುಣಿದಾಡಿದರು. ಬದುಕಿಕೊಂಡ ಮೂವರೂ ಕೆಂಚನನ್ನು ಹೆಗಲಿಗೇರಿಸಿದರು.

“ಅರ್ಧ ರಾಜ್ಯ ನಿನ್ನದು, ಮಗಳೂ ನಿನ್ನವಳು,” ಎಂದ ರಾಜ.

ಕೆಂಚ ಕೆಳಗಿಳಿದು ಕೈ ಮುಗಿದ. “ರಾಜ್ಯ ಆಗ್ಲಿ ಬುದ್ದಿ. ಅಮ್ಮಣ್ಣಿಯೋರನ್ನ ಯಾರಾದ್ರೂ ಕೇಳಿದ್ರಾ?”

ಸುಗುಣಾವತಿ ಪೀಠ ಬಿಟ್ಟೆದ್ದು ಅವನ ಎದುರಿಗೇ ಬಂದು ನಿಂತಳು.

“ಇಲ್ಲ,” ಎಂದಳು. “ನೀನು ಕೇಳು.”

ಕೆಂಚ ತೊದಲುತ್ತ ಕೇಳಿದ. ಅವಳು ನಗುತ್ತ “ಹೂಂ” ಎಂದಳು.