ಅರಸನ ಮಾರು ಅಳೆದವನು

ಕಲ್ಮಡುವಿನ ಬೀದಿಬೀದಿಯಲ್ಲಿ ಡಂಗುರ ಸಾರಿದರು. "ಕೇಳ್ರಪ್ಪೋ ಕೇಳಿ. ಬರುವ ಹುಣ್ಣಿಮೆಗೆ ಅರಸರು ವಾಡಿಕೆಯಂತೆ ಒಬ್ಬರೇ ದೋಣಿ ನಡೆಸಿ ಹೊಳೆಯ ಕೊರಕಲು ಇಳಿಯಬೇಕು. ದೋಣಿಗಾರರೆಲ್ಲ ಕೋಟೆಗೆ ಬಂದು ಅವರ ಮೂರು ಒಗಟು ಬಿಡಿಸತಕ್ಕದ್ದು. ಗೆದ್ದವನು ಅರಸರ ದೋಣಿ ಕಟ್ಟುವನು. ಸೋತವನ ತಲೆ ಹುಣ್ಣಿಮೆಗೆ ಇಳಿಯುವುದು. ಬಾರದವನದ್ದು ಇವತ್ತೇ."

ಓಡಿಹೋಗೋಣವೆಂದರೆ ಊರಬಾಗಿಲು ಆಗಲೇ ಮುಚ್ಚಿತ್ತು. ಆರು ಜನ ಹೋದರು, ಆರೂ ಜನ ನೆಲಮಾಳಿಗೆ ಸೇರಿದರು. ಆರನೆಯವನು ಕೆಂಚ. ಕೊನೆಗೆ ಉಳಿದವನು ಅವನ ತಮ್ಮ ಮಾಚ. ದೋಣಿ ಕಟ್ಟುವವನೂ ಅಲ್ಲ, ಬಿರುಕಿಗೆ ರಾಳ ಮೆತ್ತುವವನು. ಅವನನ್ನು ಒಳಗೆ ದಬ್ಬಿ ಅಗುಳಿ ಹಾಕಿದರು.

ಮುದಿ ಅರಸ ಕೇಳಿದ. "ನೀರಿನಲ್ಲಿ ನನ್ನನ್ನು ಹೊರುತ್ತದೆ, ನೆಲದ ಮೇಲೆ ನನ್ನ ಹೆಗಲೇರುತ್ತದೆ. ಏನದು?"

"ದೋಣಿ, ಬುದ್ಧಿ," ಎಂದು ಮಾಚ ಕೈಮುಗಿದ.

"ಉದ್ದವಾದರೆ ಬಂಡೆಗೆ ಬಡಿಯುತ್ತೇನೆ, ಗಿಡ್ಡವಾದರೆ ಮುಳುಗುತ್ತೇನೆ. ನನ್ನ ದೋಣಿ ಎಷ್ಟುದ್ದ?"

ದೋಣಿಯೆಂದರೆ ನಡೆಸುವವನ ಎರಡೂವರೆ ಮಾರು. ಅದು ಆ ನಾಡಿನ ಲೆಕ್ಕ. ಅರಸ ಪಟ್ಟಕ್ಕೇರಿದ ದಿನ ಎರಡೂ ಕೈ ಚಾಚಿ ಕೊಟ್ಟ ಮಾರಿನ ಗುರುತು ಅಲ್ಲೇ ಕಂಬದ ಮೇಲಿತ್ತು. ನಾಲ್ವರು ಅದನ್ನೇ ಹೇಳಿ ಕೆಟ್ಟಿದ್ದರು. ಐದನೆಯವನು ಒಂದು ಮೊಳ ಹೆಚ್ಚಿಸಿದ್ದ, ಕೆಂಚ ಅರ್ಧ ಮಾರು ಇಳಿಸಿದ್ದ.

"ಇದನ್ನ ಆಮೇಲೆ ಹೇಳ್ತೀನಿ ಬುದ್ಧಿ. ಮೂರನೇದು ಕೇಳಿಬಿಡಿ," ಎಂದ ಮಾಚ.

ಅರಸ ಅವನನ್ನೇ ನೋಡಿದ. "ನನ್ನ ಮನೆಯಲ್ಲಿ ದಿನಾ ಕಳವಾಗುತ್ತಿದೆ. ಬಾಗಿಲು ಮುರಿದಿಲ್ಲ, ಕಾವಲುಗಾರರಿಗೆ ಗೊತ್ತಿಲ್ಲ. ಯಾರ ಹತ್ತಿರವೂ ದೂರು ಹೇಳಲಾರೆ. ಕಳ್ಳ ಯಾರು?"

ಹೇಳುತ್ತಲೇ ಅವನು ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಮಾಚನಿಗೆ ಉತ್ತರ ಕಂಡಿತು. ಹೇಳದಿದ್ದರೆ ತಲೆ ಹೋಗುತ್ತದೆ. ಅರಸನ ಮುಖಕ್ಕೇ ಹೇಳಿದರೂ ಹೋಗುತ್ತದೆ. ಅಣ್ಣನ ನೆನಪಾಯಿತು.

"ಮುಪ್ಪು, ಬುದ್ಧಿ. ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಒಂದ್ಸಲ ದೋಣೀಲಿ ಕೂರೋ ಹಾಗೆ ಮಂಡಿಯೂರಿ ಕೈ ಚಾಚಿ."

ಅರಸ ಗೋಡೆ ಹಿಡಿದು ಮಂಡಿಯೂರಿದ. ತೋಳು ಪೂರ್ತಿ ಚಾಚಲಿಲ್ಲ. ಮಾಚ ಸೊಂಟದ ಹಗ್ಗ ಬಿಚ್ಚಿ ಅಳೆದ. ಕಂಬದ ಗುರುತಿಗಿಂತ ಒಂದು ಗೇಣು ಕಡಿಮೆ.

"ಈ ಹಗ್ಗದ ಎರಡೂವರೆ, ಬುದ್ಧಿ. ಕಂಬದ ಲೆಕ್ಕದ ದೋಣೀನ ಈ ತೋಳು ತಿರುಗಿಸೋದಿಲ್ಲ. ಎಲ್ಲರೂ ಕಂಬ ಅಳೆದ್ರು, ಇಲ್ಲಾ ಅಂದಾಜು ಮಾಡಿದ್ರು. ನಿಮ್ಮನ್ನ ಯಾರೂ ಅಳೀಲಿಲ್ಲ."

"ಹುಟ್ಟು ಹಿಡಿಯದ ಅರಸನಿಗೆ ಪಟ್ಟವಿಲ್ಲ," ಎಂದ ಮುದುಕ. "ನಾನೂ ನಿನ್ನ ಹಾಗೆ, ಈ ವಾಡಿಕೆಯೊಳಗೆ ಬಾಗಿಲು ಹಾಕಿಸಿಕೊಂಡವನೇ ಕಣಪ್ಪ. ಬಾಯಿ ಬಿಟ್ಟು ಹೇಳಲು ನಾಚಿಕೆಯಾಯಿತು. ಅದಕ್ಕೆ ಆರು ಜನರ ತಲೆ ಕೇಳಿದೆ."

ಅಗುಳಿ ತೆಗೆಸಿದ. ಕೆಂಚನೂ ಉಳಿದವರೂ ಹೊರಬಂದು ಆ ಹಗ್ಗದ ಅಳತೆಗೇ ದೋಣಿ ಕಟ್ಟಿದರು. ಬಿರುಕಿಗೆ ರಾಳ ಮೆತ್ತಿದವನು ಮಾಚ. ಹುಣ್ಣಿಮೆಯಂದು ಅರಸ ಕೊರಕಲು ಇಳಿದು, ಒದ್ದೆಯಾಗಿ, ನಡುಗುತ್ತ, ಮಾಚನೂ ಊರವರೂ ಕಾದಿದ್ದ ಕೆಳದಂಡೆಯಲ್ಲಿ ಜೀವಂತವಾಗಿ ನಿಂತ. ದೋಣಿ ಹೊರಲು ಹೆಗಲು ಬಗ್ಗಿಸಿದ, ಆಗಲಿಲ್ಲ.

ಮಾಚನಿಗೆ ಹೊಳೆದಂಡೆಯ ಹೊಲ ಸಿಕ್ಕಿತು, ಅರಮನೆಯ ದೋಣಿಗಾರನೆಂಬ ಹೆಸರೂ ಸಿಕ್ಕಿತು. ಆದರೆ ಅವತ್ತು ಅರಸ ಮೊದಲು ಕೊಟ್ಟದ್ದು ದೋಣಿಯ ಇನ್ನೊಂದು ತುದಿಯನ್ನು. "ಹಿಡಿಯಪ್ಪ," ಎಂದ, ಎಲ್ಲರೂ ನೋಡುತ್ತಿರುವಾಗಲೇ.